ಹಿಮ್ಮಡಿಯ ರಕ್ತ, ಮಗುವಿನ ಮಿದುಳು

2008ರಲ್ಲಿ ಗೋವಾ ಸರ್ಕಾರವು ನವಜಾತ ಶಿಶುಗಳ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ತೆಗೆದು ಪರೀಕ್ಷಿಸುವ ಯೋಜನೆಯನ್ನು ಆರಂಭಿಸಿತು. ಭಾರತದಲ್ಲಿ ಒಂದು ರಾಜ್ಯವು ಇಂತಹ ಕಾರ್ಯಕ್ಕೆ ಕೈಹಾಕಿದ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಆ ಪರೀಕ್ಷೆಯಲ್ಲಿ ಹುಡುಕುವ ರೋಗಗಳಲ್ಲಿ ಪ್ರಮುಖವಾದುದು ಜನ್ಮಜಾತ ಥೈರಾಯ್ಡ್ ಕೊರತೆ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಸ್ರವಿಸುವ ಹಾರ್ಮೋನು ಮಿದುಳಿನ ಜೀವಕೋಶಗಳನ್ನು ಸ್ವಸ್ಥಾನಕ್ಕೆ ಸೇರಿಸುತ್ತದೆ. ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯನ್ನು ಕಟ್ಟಿಸುತ್ತದೆ. ಸೆರೊಟೋನಿನ್, ಡೋಪಮಿನ್‌ಗಳಂತಹ ರಾಸಾಯನಿಕ ದೂತರ ವ್ಯವಹಾರದ ಮೇಲೂ ಪ್ರಭಾವ ಬೀರುತ್ತದೆ. ಗರ್ಭದ ಆರಂಭದ ತಿಂಗಳುಗಳಲ್ಲಿ ಶಿಶುವಿಗೆ ತಾಯಿಯ ಹಾರ್ಮೋನೇ ಆಧಾರ. ಆ ಋಣ ಹುಟ್ಟಿದ ಮೇಲೂ ಕೆಲಕಾಲ ಉಳಿಯುವುದರಿಂದ ಕೊರತೆಯುಳ್ಳ ಮಗುವೂ ನೋಡಲು ಆರೋಗ್ಯವಂತವಾಗಿಯೇ ಇರುತ್ತದೆ. ಲಕ್ಷಣಗಳು ಕಾಣಲೆಂದು ಕಾದರೆ ಬುದ್ಧಿಮಾಂದ್ಯವು ಶಾಶ್ವತವಾಗಬಹುದು. ಎರಡು ವಾರಗಳೊಳಗೆ ಲೆವೊಥೈರಾಕ್ಸಿನ್ ಮಾತ್ರೆ ಆರಂಭವಾದರೆ ಬಹುಪಾಲು ಮಕ್ಕಳು ಓರಗೆಯವರಂತೆಯೇ ಬೆಳೆಯುತ್ತಾರೆ. ಮಾತ್ರೆಯೇನೂ ದುಬಾರಿಯಲ್ಲ.

ವಾಸ್ಕೊ, ಜುವಾರಿನಗರ, ಮಾಪುಸಾಗಳ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವುದುಂಟು. ಅಂತಹವರು ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಥೈರಾಯ್ಡ್ ಪರೀಕ್ಷೆಯನ್ನು ಕೇಳಿ, ಅದರ ವರದಿಯನ್ನು ಲಸಿಕೆಯ ಚೀಟಿಯೊಡನೆ ಕಾಪಾಡಬೇಕು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೊರತೆಯುಂಟಾದರೆ ಚಿತ್ರ ಬೇರೆ. ಎತ್ತರ ನಿಂತುಹೋಗುವುದು, ಮಲಬದ್ಧತೆ, ಚಳಿ ತಾಳದಿರುವುದು, ಮಂಕು: ಇವುಗಳನ್ನು ಸೋಮಾರಿತನವೆಂದು ಬೈಯುವವರೇ ಹೆಚ್ಚು. ಹಾರ್ಮೋನು ಅತಿಯಾದರೆ ಮಗು ಚಡಪಡಿಸುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಹಾರ್ಮೋನಿಗೆ ದೇಹವು ಸರಿಯಾಗಿ ಸ್ಪಂದಿಸದ ಒಂದು ಅಪರೂಪದ ಆನುವಂಶಿಕ ದೋಷವುಳ್ಳವರಲ್ಲಿ ಗಮನಹೀನತೆ ಮತ್ತು ಅತಿಚಟುವಟಿಕೆ ಹೆಚ್ಚೆಂದು 1993ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹಾಗೆಂದು ಚಂಚಲನಾದ ಪ್ರತಿ ಬಾಲಕನಿಗೂ ಥೈರಾಯ್ಡ್ ದೋಷವೆನ್ನುವುದು ಅವಿವೇಕ. ಅಂತಹ ಬಹುತೇಕ ಮಕ್ಕಳಲ್ಲಿ ಗ್ರಂಥಿಯು ಸರಿಯಾಗಿಯೇ ಇರುತ್ತದೆ. ಸಂಶಯವಿದ್ದಲ್ಲಿ ಒಂದು ರಕ್ತಪರೀಕ್ಷೆ ಸಾಕು. ವೈದ್ಯರ ಸಲಹೆಯಿಲ್ಲದೆ ಮಾತ್ರೆ ಕೊಡುವುದು ಅಪಾಯ.

ಇನ್ನು ಉಪ್ಪು. ಹಾರ್ಮೋನಿನ ತಯಾರಿಗೆ ಅಯೋಡಿನ್ ಬೇಕು. ಕಡಲ ನೀರಿನ ಉಪ್ಪಿನಲ್ಲಿ ಅದು ತಾನಾಗಿಯೇ ಇರುತ್ತದೆಂಬ ನಂಬಿಕೆ ಕರಾವಳಿಯಲ್ಲಿ ವ್ಯಾಪಕ. ಆದರೆ ಆಗರದ ಹರಳುಪ್ಪಿನಲ್ಲಿ ಅದು ಅತ್ಯಲ್ಪ. ಅಯೋಡಿನ್‌ರಹಿತ ಉಪ್ಪಿನ ಮಾರಾಟದ ಮೇಲಿನ ನಿಷೇಧವನ್ನು ಕೇಂದ್ರವು 2000ದಲ್ಲಿ ತೆರವುಗೊಳಿಸಿ, 2006ರಲ್ಲಿ ಮತ್ತೆ ಜಾರಿಗೆ ತಂದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ಅಸಿಂಧುವೆಂದರೂ, ಜನಾರೋಗ್ಯದ ಕಾರಣಕ್ಕೆ ಆರು ತಿಂಗಳು ಮುಂದುವರಿಯಗೊಟ್ಟಿತು. ಈಗ ಆಹಾರ ಸುರಕ್ಷತಾ ಕಾಯಿದೆಯಡಿಯ ನಿಯಮಗಳು ಅದೇ ನಿರ್ಬಂಧವನ್ನು ಹೇರಿವೆ. ಹರಳುಪ್ಪು ಮೀನು ಒಣಗಿಸಲು ಇರಲಿ. ನಿತ್ಯದ ಸಾರಿಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಒಲೆಯ ಬಿಸಿ ತಾಗದ ಕಡೆ ಡಬ್ಬಿಯ ಮುಚ್ಚಳ ಬಿಗಿಮಾಡಿ ಇಡಬೇಕು.