ಗುಂಡನ್ನು ದಾರಿ ತಪ್ಪಿಸಿದ ಗಾಳಿ ಹಡಗು ನಡೆಸಿತು!

ಪಟವಿಲ್ಲ, ಪಟ ಕಟ್ಟುವ ಹಗ್ಗವೂ ಇಲ್ಲ. ಡೆಕ್ಕಿನ ಮೇಲೆ ಸುಮಾರು 15 ಮೀಟರ್ ಎತ್ತರದ ಎರಡು ಬೋಳು ಉರುಳೆಗಳು ಗಿರ್ರನೆ ತಿರುಗುತ್ತಿವೆ, ಅಷ್ಟೇ. ಗಾಳಿ ಬೀಸುತ್ತಿರುವುದು ಪಕ್ಕದಿಂದ, ಹಡಗು ಓಡುತ್ತಿರುವುದು ಮುಂದಕ್ಕೆ! 1924ರಲ್ಲಿ ಜರ್ಮನಿಯ ಆಂಟನ್ ಫ್ಲೆಟ್ನರ್ ಕಡಲಿಗಿಳಿಸಿದ ‘ಬುಕೌ’ ಹಡಗಿದು. ನೋಡಿದವರು ಕಣ್ಣುಜ್ಜಿಕೊಂಡಿರಬೇಕು.

ಈ ಮಾಯೆಯ ಬೇರು ಹುಡುಕಿ ಹೊರಟರೆ ಬಂದೂಕಿನ ಬಾಯಿಗೆ ಹೋಗಿ ನಿಲ್ಲುತ್ತೇವೆ. 1740ರ ದಶಕ, ಇಂಗ್ಲೆಂಡ್. ಹಾರಿಸಿದ ಗುಂಡುಗಳು ಗುರಿ ಬಿಟ್ಟು ಅತ್ತಿತ್ತ ಹೋಗುವುದೇಕೆ? ಬೆಂಜಮಿನ್ ರಾಬಿನ್ಸ್ ಬಂದೂಕಿನ ನಳಿಗೆಯ ತುದಿಯನ್ನೇ ಎಡಕ್ಕೆ ಬಗ್ಗಿಸಿಬಿಟ್ಟ! ಎದುರಿಗೆ ಸಾಲಾಗಿ ಕಾಗದದ ಪರದೆ ಕಟ್ಟಿದ. ಢಂ! ಹತ್ತಿರದ ಪರದೆಯಲ್ಲಿ ತೂತು ಎಡಕ್ಕೇ ಬಿತ್ತು. ದೂರದ್ದರಲ್ಲಿ? ಬಲಕ್ಕೆ! ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡು ಸುತ್ತುತ್ತಾ ಹಾರಿತ್ತು, ಸುತ್ತುವ ಗುಂಡನ್ನು ಗಾಳಿ ಬಲಕ್ಕೆ ತಳ್ಳಿತ್ತು. (ಈ ಪುಣ್ಯಾತ್ಮ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು, 1751ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ.)

1852ರಲ್ಲಿ ಬರ್ಲಿನ್ನಿನ ಹೈನ್‌ರಿಖ್ ಮ್ಯಾಗ್ನಸ್ ಹಿತ್ತಾಳೆಯ ಉರುಳೆಯೊಂದನ್ನು ತಿರುಗಿಸಿ, ಅದಕ್ಕೆ ಗಾಳಿ ಊದಿ ಇದನ್ನೇ ಪ್ರಯೋಗಶಾಲೆಯಲ್ಲಿ ತೋರಿಸಿದ. ಹೆಸರು ಅವನಿಗೇ ಅಂಟಿತು: ಮ್ಯಾಗ್ನಸ್ ಪರಿಣಾಮ. ರಾಬಿನ್ಸನಿಗೆ ಅನ್ಯಾಯವಾಯಿತೆಂದೇ ನನ್ನ ಲೆಕ್ಕ.

ತಿರುಗುವ ಉರುಳೆ ತನ್ನ ಮೈಗಂಟಿದ ಗಾಳಿಯನ್ನೂ ಜೊತೆಗೆ ಸುತ್ತಿಸುತ್ತದೆ. ಒಂದು ಮಗ್ಗುಲಲ್ಲಿ ಅದು ಬೀಸುಗಾಳಿಯ ಜೊತೆ ಸೇರಿ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಇನ್ನೊಂದು ಮಗ್ಗುಲಲ್ಲಿ ಎದುರಾಗಿ ವೇಗ ಕುಗ್ಗುತ್ತದೆ, ಒತ್ತಡ ಏರುತ್ತದೆ. ಉರುಳೆ ಒತ್ತಡ ಕಡಿಮೆಯಿರುವ ಕಡೆಗೆ ನುಗ್ಗುತ್ತದೆ, ಅದು ನಿಂತಿರುವ ಹಡಗೂ ಜೊತೆಗೆ! ಸ್ಪಿನ್ನರ್ ಎಸೆದ ಚೆಂಡು ಪಿಚ್ ಮುಟ್ಟುವ ಮೊದಲೇ ಗಾಳಿಯಲ್ಲಿ ಪಕ್ಕಕ್ಕೆ ಜಾರುವುದೂ ಇದೇ ಬಲದಿಂದ. ಉರುಳೆಯನ್ನು ಉಲ್ಟಾ ತಿರುಗಿಸಿದರೋ, ಬಲವೂ ಉಲ್ಟಾ.

ಬುಕೌ ‘ಬಾಡೆನ್-ಬಾಡೆನ್’ ಎಂಬ ಹೊಸ ಹೆಸರಿನಲ್ಲಿ ಅಟ್ಲಾಂಟಿಕ್ ದಾಟಿ 1926ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿಯೇಬಿಟ್ಟಿತು. ಆದರೆ ಆಗ ಇಂಧನ ಅಗ್ಗ; ಉರುಳೆಗಳನ್ನು ಜಗತ್ತು ಮರೆತಿತು. ಈಗ ಡೀಸೆಲ್ ಉಳಿಸಲು ಮತ್ತೆ ಅವೇ ಬೇಕಾಗಿವೆ. 2010ರಲ್ಲಿ ಸಂಚಾರ ಶುರುಮಾಡಿದ ‘ಇ-ಶಿಪ್ 1’ ಹಡಗಿನ ಮೇಲೆ 27 ಮೀಟರ್ ಎತ್ತರದ ನಾಲ್ಕು ಉರುಳೆಗಳಿವೆ. ಗಾಳಿಯ ನೆರವಿನಿಂದ ಓಡುವ ಆ ಹಡಗನ್ನು ಕಟ್ಟಿದ್ದು ಏನನ್ನು ಸಾಗಿಸಲು ಗೊತ್ತೇ? ಗಾಳಿಯಿಂದ ವಿದ್ಯುತ್ ತೆಗೆಯುವ ಟರ್ಬೈನುಗಳನ್ನು!