ಚದುರಂಗದ ಮಣೆಯ ಮುಂದೆ ಮೂವರು ಸೋದರಿಯರು

ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿದ ಬಳಿಕ ಹಿಂದಣ ಕೋಣೆಯಲ್ಲಿ ಚದುರಂಗ ಹೂಡುವ ನಮ್ಮ ತರುಣರಿಗೆ, ಹೆಣ್ಣುಮಕ್ಕಳೂ ಈ ಆಟವನ್ನು ಪಂಥದಿಂದ ಆಡುವರೆಂಬುದು ಇಂದು ಸೋಜಿಗದ ಸಂಗತಿಯಲ್ಲ. 2025ರಲ್ಲಿ ಜಾರ್ಜಿಯ ದೇಶದ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇದಿರುಬದಿರು ಕುಳಿತ ದಿವ್ಯಾ ದೇಶಮುಖ್, ಕೊನೇರು ಹಂಪಿ ಈರ್ವರೂ ಭಾರತೀಯರೇ. ಆದರೆ ಇವರಿಗಿಂತ ಮೊದಲೇ ದಾರಿ ಮಾಡಿದವರು ಮುಂಬಯಿಯ ಒಂದೇ ಮನೆಯ ಮೂವರು ಹುಡುಗಿಯರೆಂಬುದನ್ನು ಬಲ್ಲವರು ವಿರಳ.

‘ನವಾಕಾಳ’ವೆಂಬ ಮರಾಠಿ ಪತ್ರಿಕೆಯನ್ನು ಇಲ್ಲಿಯ ವಾಚಕರು ಕಂಡೇ ಇರುವರು. ನಾಟಕಕಾರ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು ಅದನ್ನು ಸ್ಥಾಪಿಸಿದುದು 1923ರಲ್ಲಿ. ಅದೇ ವಂಶದವರೂ ಅದೇ ಪತ್ರಿಕೆಯ ಸಂಪಾದಕರೂ ಆಗಿದ್ದ ನೀಲಕಂಠ ಖಾಡಿಲ್ಕರರ ಪುತ್ರಿಯರೇ ವಾಸಂತಿ, ಜಯಶ್ರೀ, ರೋಹಿಣಿ. ಮಹಿಳೆಯರ ಪ್ರಥಮ ರಾಷ್ಟ್ರೀಯ ಚದುರಂಗ ಸ್ಪರ್ಧೆ 1974ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಜರುಗಿತು. ಗೆದ್ದವಳು ವಾಸಂತಿ. ಅನಂತರ ತಂಗಿಯರೂ ಆ ಪ್ರಶಸ್ತಿಯನ್ನು ಗಳಿಸಿದರು. ಒಂದೇ ಪಂಕ್ತಿಯಲ್ಲಿ ಉಂಡವರು ಒಂದೇ ಪ್ರಶಸ್ತಿಗೆ ಪೈಪೋಟಿಗಿಳಿದ ಆ ಮನೆಯ ಊಟದ ಹೊತ್ತಿನ ಮಾತುಕತೆ ಹೇಗಿದ್ದಿತೋ!

ನಿಜವಾದ ಗದ್ದಲವೆದ್ದುದು 1976ರಲ್ಲಿ. ಹದಿಮೂರರ ಬಾಲೆ ರೋಹಿಣಿ ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಹೊರಟಳು. ಹೆಣ್ಣಿಗೆ ಅಲ್ಲೇನು ಕೆಲಸವೆಂಬ ಆಕ್ಷೇಪ ಹುಟ್ಟಿತು. ಕುಸ್ತಿಯಾದರೆ ಮೈತೂಕದ ಮಾತುಂಟು. ಮರದ ಕಾಯಿಯನ್ನೆತ್ತಿಡಲು ಎಷ್ಟು ತೋಳ್ಬಲ ಬೇಕು? ನಮ್ಮ ಮಣೆಯಲ್ಲಿ ಮಂತ್ರಿಯಿರುವ ಸ್ಥಾನದಲ್ಲಿ ಪಾಶ್ಚಾತ್ಯರು ರಾಣಿಯನ್ನಿರಿಸಿರುವರು. ಎಲ್ಲಕ್ಕೂ ಬಲವಾದ ಕಾಯಿ ಅದೇ. ಅಂತಹ ಮಣೆಯ ಮುಂದೆ ಹುಡುಗಿಯೊಬ್ಬಳಿಗೆ ಆಸನ ಕೊಡಲು ಹಿಂಜರಿದುದು ವಿಚಿತ್ರವೇ ಸರಿ. ವಿವಾದ ಹೈಕೋರ್ಟಿನವರೆಗೆ ಹೋಯಿತು. ಹಿಂದೆ ಜಗಜ್ಜೇತರಾಗಿದ್ದು ಆಗ ವಿಶ್ವ ಚದುರಂಗ ಸಂಸ್ಥೆಯ ಅಧ್ಯಕ್ಷರಾಗಿದ್ದ ಹಾಲೆಂಡಿನ ಮ್ಯಾಕ್ಸ್ ಯೂವೆಯವರು, ಸ್ತ್ರೀಯರನ್ನು ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಡಕೂಡದೆಂದು ನಿರ್ಣಯವಿತ್ತರು. ರೋಹಿಣಿಯಾದರೋ ಮೂರು ರಾಜ್ಯಗಳ ಚಾಂಪಿಯನ್ನರನ್ನು ಸೋಲಿಸಿ ತನ್ನ ಉತ್ತರವನ್ನು ಮಣೆಯ ಮೇಲೆಯೇ ಬರೆದಳು.

1979ರಲ್ಲಿ ಜಯಶ್ರೀ ಮಹಿಳಾ ಇಂಟರ್‌ನ್ಯಾಶನಲ್ ಮಾಸ್ಟರ್ ಬಿರುದು ಪಡೆದ ಮೊದಲ ಭಾರತೀಯಳಾದಳು. 1981ರಲ್ಲಿ ಹೈದರಾಬಾದಿನಲ್ಲಿ ನಡೆದ ಏಷ್ಯದ ಮಹಿಳಾ ಸ್ಪರ್ಧೆಯಲ್ಲಿ ರೋಹಿಣಿ ಹನ್ನೆರಡರಲ್ಲಿ ಹನ್ನೊಂದೂವರೆ ಅಂಕ ಗಳಿಸಿದಳು. ಗೆಲುವಿಗೆ ಒಂದು, ಡ್ರಾಕ್ಕೆ ಅರ್ಧ ಎಂಬುದು ಲೆಕ್ಕ. ಗುಮಾಸ್ತ ಮಿತ್ರರೇ ಕೂಡಿಸಿ ನೋಡಲಿ, ಸೋಲಿಗೆ ಅಲ್ಲಿ ಎಡೆಯೇ ಇಲ್ಲ. 1983ರಲ್ಲಿ ಕ್ವಾಲಾಲಂಪುರದಲ್ಲಿ ಏಷ್ಯದ ಪಟ್ಟ ಮತ್ತೆ ಆಕೆಗೇ ಒಲಿಯಿತು.

ಬಳಿಕ ರೋಹಿಣಿಯವರು ‘ಸಂಧ್ಯಾಕಾಳ’ವೆಂಬ ಸಂಜೆ ಪತ್ರಿಕೆಯ ಸಂಪಾದಕಿಯಾದರು, ‘ನವಾಕಾಳ’ದ ಸಂಪಾದಕತ್ವ ಜಯಶ್ರೀಯವರಿಗೆ ಬಂದಿತು. ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಗೆ ಬಂದ ನಮ್ಮಂಥವರಿಗೆ, ಚದುರಂಗದ ಮಣೆಯಿಂದ ಇದೇ ಕಸುಬಿಗೆ ಬಂದ ಇವರಲ್ಲಿ ಒಂದಿಷ್ಟು ಹೆಚ್ಚಿನ ಅಭಿಮಾನ.