ವಿಮಾನ ಇಳಿಯುವಾಗ ಕೂಸು ಎಚ್ಚರವಿರಲಿ

ಹಿಡಕಲ್ ಡ್ಯಾಮ್, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರು ಬೆಂಗಳೂರಿಗೆ ವಿಮಾನದಲ್ಲಿ ಹೋಗಬೇಕೆಂದರೆ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರಬೇಕು. ಅಲ್ಲಿಂದ ಹಾರಾಟ ಹೆಚ್ಚುಕಡಿಮೆ ಒಂದು ತಾಸಿನದು. ಮನೆಯಲ್ಲಿ ಒಂದೂವರೆ, ಎರಡು ವರ್ಷದ ಕೂಸಿದ್ದರೆ ಟಿಕೆಟ್ ತೆಗೆಸುವಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: ಅದು ಮಲಗುವ ಹೊತ್ತಿನ ವಿಮಾನ ನೋಡಿ, ದಾರಿಯುದ್ದಕ್ಕೂ ನಿದ್ದೆ ಮಾಡುತ್ತದೆ. ಹತ್ತು ತಾಸಿನ ಪ್ರಯಾಣಕ್ಕೆ ಈ ಮಾತು ಒಪ್ಪುತ್ತದೆ. ಒಂದು ತಾಸಿನದಕ್ಕೆ ಇದು ತಲೆಕೆಳಗಾದ ಲೆಕ್ಕ ಎಂಬುದು ನನ್ನ ವಾದ. ಇಂಥ ಹಾರಾಟದಲ್ಲಿ ಮಗುವಿಗೆ ನಿಜವಾಗಿ ಕಷ್ಟ ಕೊಡುವುದು ಕೊನೆಯ ಇಪ್ಪತ್ತು-ಮೂವತ್ತು ನಿಮಿಷ. ಆಗ ಅದು ಎದ್ದಿರಬೇಕು, ಏನಾದರೂ ಕುಡಿಯುವಷ್ಟು ಹಸಿವೂ ಇರಬೇಕು. ಸಮಯದ ಆಯ್ಕೆಯನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಮಾಡಬೇಕು.

ಕಾರಣ ಗಾಳಿಯ ಒತ್ತಡದಲ್ಲಿದೆ, ಎತ್ತರ ಹೆಚ್ಚಿದಂತೆ ಅದು ಕಡಿಮೆಯಾಗುತ್ತದೆ. ಹಿಡಕಲ್ ಜಲಾಶಯ ಭರ್ತಿಯಾದಾಗ ನೀರು ಸಮುದ್ರಮಟ್ಟದಿಂದ 2,175 ಅಡಿಯಲ್ಲಿ ನಿಲ್ಲುತ್ತದೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ವಿಮಾನ ಎಷ್ಟೇ ಮೇಲೆ ಹಾರಲಿ, ಅದರೊಳಗಿನ ಗಾಳಿ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗದಂತೆ ನೋಡಿಕೊಳ್ಳುತ್ತಾರೆ. ಆ ಎತ್ತರದಲ್ಲಿ ಒತ್ತಡ ಸುಮಾರು 750 ಹೆಕ್ಟೊಪಾಸ್ಕಲ್, ದೇವನಹಳ್ಳಿಯಲ್ಲಿ ಸುಮಾರು 910, ಮುಂಬೈಯಂಥ ಕಡಲತೀರದಲ್ಲಿ ಸುಮಾರು 1,013. ವಿಮಾನ ಇಳಿಯುತ್ತಿದ್ದಂತೆ ಹೊರಗಿನ ಒತ್ತಡ ಏರಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಬೆಂಗಳೂರಿಗಿಂತ ಮುಂಬೈಯಲ್ಲಿ ಇಳಿಯುವಾಗ ಈ ಒತ್ತು ಒಂದೂವರೆ ಪಟ್ಟಿಗೂ ಹೆಚ್ಚು. ಇದನ್ನು ಸರಿದೂಗಿಸಲು ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಗಾಳಿ ಹೋಗಬೇಕು. ಅದಕ್ಕಿರುವ ದಾರಿ ಯೂಸ್ಟೇಶಿಯನ್ ನಾಳ. ವಿಮಾನ ಏರುವಾಗ ಕಿವಿಯೊಳಗಿನ ಗಾಳಿ ಈ ನಾಳದಿಂದ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ, ಮುಚ್ಚಿಕೊಂಡ ನಾಳವನ್ನು ಸ್ನಾಯು ಎಳೆದು ತೆರೆಯಬೇಕು, ಆ ಸ್ನಾಯು ಕೆಲಸ ಮಾಡುವುದು ನಾವು ನುಂಗಿದಾಗ, ಆಕಳಿಸಿದಾಗ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ಸಣ್ಣ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದಂತಿರುತ್ತದೆ. ನಿದ್ದೆಯಲ್ಲಿ ನುಂಗುವುದು ತೀರ ಕಡಿಮೆ. ಹಾಗಾಗಿ ಗಾಢ ನಿದ್ದೆಯಲ್ಲಿರುವ ಕೂಸು ಇಳಿಯುವ ಹೊತ್ತಿಗೆ ಕಿವಿನೋವಿನಿಂದಲೇ ಎಚ್ಚರಗೊಳ್ಳಬಹುದು, ಏನಾಗುತ್ತಿದೆ ಎಂದು ಹೇಳಲೂ ಅದಕ್ಕೆ ಬಾರದು. ಎದೆಹಾಲು, ಬಾಟಲಿ ಹಾಲು, ಗುಟುಕು ಗುಟುಕಾಗಿ ನೀರು, ಯಾವುದಾದರೂ ನಡೆದೀತು. ಚೀಲದಲ್ಲಿ ಗೋಕಾಕದ ಕರದಂಟು ಇದ್ದರೆ ಅದನ್ನು ಮಾತ್ರ ದೊಡ್ಡವರೇ ತಿನ್ನಲಿ. ಅದರೊಳಗಿನ ಗೋಡಂಬಿ, ಬಾದಾಮಿಯ ಚೂರು ಎಳೆಯ ಗಂಟಲಿಗೆ ಅಪಾಯ. ಮಗುವಿಗೆ ಜೋರು ನೆಗಡಿಯಿದ್ದರೆ ಹೊರಡುವ ಮುಂಚೆ ವೈದ್ಯರನ್ನು ಕಾಣಬೇಕು.

ನಿದ್ದೆಯ ವಿಜ್ಞಾನವೂ ಇದನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ ನಿದ್ದೆಯನ್ನು ಆಳುವುದು ಎರಡು ಶಕ್ತಿಗಳು. ಒಂದು, ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಾಯ. ಇನ್ನೊಂದು, ಬೆಳಕನ್ನು ನೋಡಿ ಹೊತ್ತು ಹೊಂದಿಸಿಕೊಳ್ಳುವ ಮೆದುಳಿನ ಗಡಿಯಾರ. ದೊಡ್ಡವರಲ್ಲಿ ಆ ಒತ್ತಾಯ ದಿನವಿಡೀ ಕೂಡಿದರೆ ಕೂಸಿನಲ್ಲಿ ಐದಾರು ತಾಸಿಗೇ ತುಂಬಿಬಿಡುತ್ತದೆ, ಅದಕ್ಕೇ ಮಧ್ಯಾಹ್ನದ ನಿದ್ದೆ. ಒಂದೆರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ತಾಸು ನಿದ್ದೆ ಬೇಕು. ವಿಮಾನದಲ್ಲಿ ಅರ್ಧ ತಾಸು ಮಲಗಿ ಎದ್ದ ಮಗುವಿನ ಆಯಾಸ ತೀರಿರುವುದಿಲ್ಲ, ಆದರೆ ಒತ್ತಾಯ ಒಂದಿಷ್ಟು ಇಳಿದಿರುವುದರಿಂದ ಮತ್ತೆ ನಿದ್ದೆಯೂ ಹತ್ತುವುದಿಲ್ಲ, ರಚ್ಚೆ ಹಿಡಿಯುತ್ತದೆ. ರಾತ್ರಿ ಎಂಟರ ವಿಮಾನ ಹಿಡಿದರೂ ಇದು ತಪ್ಪದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚೆ ಪ್ರಖರ ಬೆಳಕಿಗೆ ಕೂತ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಶೇ. 88ರಷ್ಟು ತಗ್ಗಿತು. ದೀಪಗಳು ಝಗಝಗಿಸುವ ನಿಲ್ದಾಣದಲ್ಲಿ ಎರಡು ತಾಸು ಕಾದ ಮಗುವಿಗೆ ಸೀಟಿನಲ್ಲಿ ಕೂತ ಕೂಡಲೇ ಜೋಂಪು ಹತ್ತೀತು ಎಂದು ನಂಬುವುದು ಕಷ್ಟ.

ಹಾಗಾದರೆ ಯಾವ ಹೊತ್ತು? ಆರೂವರೆಗೆ ಏಳುವ, ಒಂದು ಗಂಟೆಗೆ ಮಲಗುವ ಮಗುವಾದರೆ ಹನ್ನೊಂದರ ಸುಮಾರಿಗೆ ಇಳಿಯುವ ವಿಮಾನ ಒಳ್ಳೆಯದು. ಹಿಡಕಲ್ಲಿನಿಂದ ಸಾಂಬ್ರಾಕ್ಕೆ ಒಂದರಿಂದ ಒಂದೂವರೆ ತಾಸು ಹಿಡಿದರೂ ಅದರ ನಸುಕಿನ ನಿದ್ದೆಗೆ ಹೆಚ್ಚು ಕೊರತೆಯಾಗದು. ಅದು ಸಿಗದಿದ್ದರೆ ಮಧ್ಯಾಹ್ನದ ನಿದ್ದೆ ಮುಗಿದ ಮೇಲಿನ ಸಂಜೆ ನಾಲ್ಕೈದರ ವಿಮಾನ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೆಳಗ್ಗೆಯೇ ಲೇಸು: ಕಾದ ನೆಲದಿಂದೇಳುವ ಬಿಸಿಗಾಳಿ, ಸಂಜೆಯ ಗುಡುಗುಮಳೆ ಎರಡೂ ವಿಮಾನವನ್ನು ಕುಲುಕುತ್ತವೆ.

ಆದರೆ ದಿನದ ಮೊದಲ ವಿಮಾನ ತಡವಾಗುವುದು ಕಡಿಮೆಯಲ್ಲವೇ ಎಂದು ಕೇಳಬಹುದು. ನಿಜ. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಊರು ಸುತ್ತುವುದರಿಂದ ಬೆಳಗಿನ ಸಣ್ಣ ತಡ ಸಂಜೆಗೆ ದೊಡ್ಡದಾಗುತ್ತದೆ. ಆದರೆ ಆರೂವರೆಯ ವಿಮಾನಕ್ಕೆ ಮೂರಕ್ಕೇ ಕೂಸನ್ನು ಎತ್ತಿಕೊಂಡು ಹೊರಡಬೇಕು; ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜು ಆ ಲಾಭವನ್ನೂ ಕಸಿಯಬಲ್ಲದು. ಸಾಂಬ್ರಾದಿಂದ ವಿಮಾನಗಳೇ ಕಡಿಮೆ, ಆಯ್ಕೆ ಎಲ್ಲಿದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕಾಗಿ ಎರಡು ತಾಸಿಗೂ ಮಿಕ್ಕಿದ ಹಾದಿ ಸವೆಸಿ ಹುಬ್ಬಳ್ಳಿಗೆ ಹೋಗಿ ಎಂದು ನಾನು ಹೇಳಲಾರೆ. ಸಿಕ್ಕ ವಿಮಾನಕ್ಕೆ ನಿದ್ದೆಯನ್ನೇ ಹೊಂದಿಸಬಹುದು: ನಾಲ್ಕು ದಿನ ಮೊದಲಿನಿಂದ ದಿನಕ್ಕೆ ಹದಿನೈದು ನಿಮಿಷದಂತೆ ಸರಿಸಿದರೆ ಒಂದು ತಾಸು ಆಚೀಚೆಯಾಗುತ್ತದೆ. ಅದೂ ಆಗದಿದ್ದರೆ, ವಿಮಾನ ಇಳಿಯತೊಡಗುವ ಮುಂಚೆ ಮಗುವನ್ನು ಮೆಲ್ಲಗೆ ಎಬ್ಬಿಸಿ ಹಾಲು ಕುಡಿಸಿ.

ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ಹತ್ತು ತಾಸಿಗೂ ಮಿಕ್ಕಿದ ಹಾರಾಟಕ್ಕೆ ರಾತ್ರಿಯೇ ಸರಿ. ಅಲ್ಲಿ ಮಗು ಪೂರ್ತಿ ನಿದ್ದೆ ಮುಗಿಸಿ, ಇಳಿಯುವ ಹೊತ್ತಿಗೆ ತಾನಾಗಿ ಎದ್ದಿರಲು ಅವಕಾಶವಿದೆ. ಯಾವ ಪ್ರಯಾಣದಲ್ಲೂ ಮಲಗಿಸಲೆಂದು ಕೆಮ್ಮು-ನೆಗಡಿಯ ಸಿರಪ್ ಕುಡಿಸಬೇಡಿ. ಕೆಲವು ಮಕ್ಕಳಲ್ಲಿ ಅದು ಮಂಪರು ತರುವ ಬದಲು ಕೆರಳಿಸುತ್ತದೆ. ಮಂಪರು ಬಂದ ಮಗುವಾದರೋ, ಕಿವಿ ನೋಯುವ ಆ ಇಪ್ಪತ್ತು ನಿಮಿಷದಲ್ಲಿ ನುಂಗಲು ಏಳುವುದೇ ಇಲ್ಲ.